ಕಟಕಟೆಯಲ್ಲಿ ನಿಂತ ಮಗು

"ಅಲ್ಲಿ ಊಟಕ್ಕೆ ಏನು ಕೊಟ್ಟರು?"

ಅಫಜಲಪುರದಿಂದ ಬಂದ ಹುಡುಗ ಕಾಲಿನ ಚಪ್ಪಲಿ ಬಿಡುವ ಮೊದಲೇ ನಾನು ಕೇಳುತ್ತಿದ್ದ ಪ್ರಶ್ನೆ ಇದು. ಎರಡನೆಯದು, "ಅಬ್ಬಾ ನಿನ್ನ ಅಮ್ಮಿಯ ಬಗ್ಗೆ ಏನಾದರೂ ಅಂದರಾ?" ಮೂರನೆಯದು, "ಮನೆಗೆ ಯಾರು ಯಾರು ಬಂದಿದ್ದರು?" ಪ್ರಶ್ನೆ ಮುಗಿದ ಮೇಲೆಯೇ ಅವನ ಕೈಗೆ ನೀರಿನ ಲೋಟ ಕೊಡುತ್ತಿದ್ದೆ. ಅದನ್ನು ಪ್ರೀತಿ ಎಂದೇ ತಿಳಿದಿದ್ದೆ.

ಪಾಷಾ ನನ್ನ ತಂಗಿಯ ಮಗ. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿದೆ, ಮನೆಯಲ್ಲಿ ಎಲ್ಲರಿಗೂ ಅವನು ಪಾಷಾ. ಅವನ ತಾಯಿ ಇರುವುದು ಆಳಂದದಲ್ಲಿ, ತಂದೆ ಇರುವುದು ಅಫಜಲಪುರದಲ್ಲಿ, ಖಾಲಾ ಆದ ನಾನು ಇರುವುದು ಜೇವರ್ಗಿಯಲ್ಲಿ. ಮೂರೂ ಊರಿನ ಬಸ್ಸುಗಳು ಬಂದು ಸೇರುವುದು ಕಲಬುರಗಿಯ ಬಸ್ ನಿಲ್ದಾಣದಲ್ಲಿ. ಅವನ ತಂದೆ ತಾಯಿಯ ಖುಲಾ ಆದದ್ದು 2019ರಲ್ಲಿ. ಆಗ ಅವನಿಗೆ ಐದು ವರ್ಷ. ಅಂದಿನಿಂದ ತಿಂಗಳಲ್ಲಿ ಎರಡು ಶನಿವಾರ ಅದೇ ಬಸ್ ನಿಲ್ದಾಣದಲ್ಲಿ ಅವನು ಒಬ್ಬರ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿಯುತ್ತಾನೆ. ರಜೆ ಬಂದರೆ ಕೆಲವು ದಿನ ನನ್ನ ಮನೆ.

ಖುಲಾಕ್ಕೆ ಏನು ಕಾರಣ ಎಂದು ಇಲ್ಲಿ ಬರೆಯುವುದಿಲ್ಲ. ನನ್ನ ತಂಗಿ ಕೆಟ್ಟವಳಲ್ಲ. ಅವಳ ಗಂಡನಾಗಿದ್ದವರೂ ಕೆಟ್ಟವರಲ್ಲ. ಎರಡೂ ಕಡೆಯ ಹಿರಿಯರು ಆಳಂದದ ನಮ್ಮ ಪಡಸಾಲೆಯಲ್ಲಿ ಮೂರು ಸಲ ಕುಳಿತು ಮಾತಾಡಿಸಿದರು. ಮನಸ್ಸುಗಳು ಕೂಡಲಿಲ್ಲ. ಮಹ್ರ್ ಹಿಂದಿರುಗಿಸಿ, ಇದ್ದತ್ ಮುಗಿಸಿ, ತಂಗಿ ತವರಿನಲ್ಲೇ ಉಳಿದಳು. ಹೊಲಿಗೆ ಮಿಷನ್ ಇಟ್ಟುಕೊಂಡಳು. ಅವರು ಎರಡು ವರ್ಷದ ನಂತರ ಇನ್ನೊಂದು ನಿಕಾಹ್ ಮಾಡಿಕೊಂಡರು.

ನಾನು ಜೇವರ್ಗಿಯ ಒಂದು ಶಾಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಮಕ್ಕಳ ಮನಸ್ಸು ನನಗೆ ಗೊತ್ತು ಎಂಬ ಹೆಮ್ಮೆ ಇತ್ತು. ಆ ಹೆಮ್ಮೆ ಹೇಗೆ ಮುರಿಯಿತು ಎಂಬುದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕುಳಿತೆ. ನನ್ನಂತೆ ಪ್ರಶ್ನೆ ಕೇಳುವ ಖಾಲಾ, ಫುಪ್ಪು, ನಾನಿ, ದಾದಿಯರು ಈ ಪುಟ ಓದುವ ಮನೆಗಳಲ್ಲೂ ಇರಬಹುದು.

2020ರ ಅಕ್ಟೋಬರ್ ನೆನಪಿದೆಯಲ್ಲ? ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳು ನೀರಿನಲ್ಲಿ ನಿಂತವು. ತೊಗರಿ ಕೊಳೆತುಹೋಯಿತು. ಪಾಷಾನ ತಂದೆಯದು ಬೀಜ, ಗೊಬ್ಬರದ ಸಣ್ಣ ಅಂಗಡಿ. ರೈತನಿಗೆ ಬೆಳೆ ಬಂದರೆ ಉದ್ರಿ ವಸೂಲಾಗುತ್ತದೆ, ಬೆಳೆ ಹೋದರೆ ಉದ್ರಿಯೂ ಹೋಗುತ್ತದೆ. ಅದರ ಮೊದಲು ಕೊರೊನಾದ ಲಾಕ್‌ಡೌನ್ ಬೇರೆ. ಮಗುವಿನ ಖರ್ಚಿಗೆ ಪ್ರತಿ ತಿಂಗಳು ಬರುತ್ತಿದ್ದ ಹಣ ಎರಡು ತಿಂಗಳು ಬರಲಿಲ್ಲ. ಅವರಿಗೆ ಫೋನ್ ಮಾಡಿ ಕೇಳಲು ತಂಗಿಗೆ ಸಂಕೋಚ, ನನಗೆ ಬಿಗುಮಾನ. ನಾನು ಏನು ಮಾಡಿದೆ ಗೊತ್ತೇ? ಆರು ವರ್ಷದ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು, "ಈ ಸಲ ಹೋದಾಗ ನಿನ್ನ ಅಬ್ಬಾನನ್ನು ಕೇಳು, ಹಣ ಯಾಕೆ ಕಳಿಸಿಲ್ಲ ಅಂತ" ಎಂದು ಹೇಳಿ ಕಳಿಸಿದೆ.

ಅವನು ಕೇಳಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಮುಂದಿನ ತಿಂಗಳು ಹಣ ಬಂತು, ನಾನು ಮರೆತೆ. ಅವನು ಮರೆಯಲಿಲ್ಲ. ಅದಾದ ಮೇಲೆ ಶಾಲೆಗೆ ಬೂಟು ಬೇಕೇ ಎಂದರೆ "ಹಳೆಯದು ಸರಿಯಾಗಿದೆ" ಎನ್ನುತ್ತಿದ್ದ. ನೋಟ್‌ಬುಕ್ಕಿನ ರಟ್ಟಿನ ಮೇಲೂ ಲೆಕ್ಕ ಬರೆಯುತ್ತಿದ್ದ. ಎಷ್ಟು ಒಳ್ಳೆಯ ಹುಡುಗ, ಒಂದು ಹಟವಿಲ್ಲ ಎಂದು ನಾವು ನೆರೆಹೊರೆಯವರ ಮುಂದೆ ಹೊಗಳಿಕೊಂಡೆವು.

2022ರಲ್ಲಿ ಕಲಬುರಗಿಯ ಒಂದು ಶಾದಿಯಲ್ಲಿ ಪಾಷಾನ ದಾದಿ ಎದುರಾದರು. ಖುಲಾ ಆದಮೇಲೆ ನಾವು ಮುಖಾಮುಖಿ ಆಗಿರಲಿಲ್ಲ. ಸಲಾಮ್ ಹೇಳಿ ದಾಟಿ ಹೋಗಬೇಕೆಂದಿದ್ದೆ. ಆ ಹಿರಿಯ ಹೆಂಗಸು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಕಣ್ಣಲ್ಲಿ ನೀರು.

"ನಮ್ಮ ಮೇಲೆ ಸಿಟ್ಟಿದ್ದರೆ ಇರಲಿ ಬೇಟಿ. ಮಗುವಿಗೆ ಯಾಕೆ ಹಾಗೆ ಮಾಡುತ್ತೀರಿ? ಒಣ ರೊಟ್ಟಿ, ಖಾರದಪುಡಿ ಕೊಟ್ಟು ಮಲಗಿಸುತ್ತೀರಂತೆ."

ನಾನು ದಂಗಾದೆ. ಏಕೆಂದರೆ ಅವನು ನಮ್ಮ ಮನೆಯಲ್ಲಿ ಹೇಳುತ್ತಿದ್ದದ್ದೂ ಅದನ್ನೇ. ದಾದಿಯ ಮನೆಯಲ್ಲಿ ಹೊಟ್ಟೆ ತುಂಬ ಊಟ ಕೊಡುವುದಿಲ್ಲ, ಮಾತಾಡಿಸುವವರಿಲ್ಲ, ರಾತ್ರಿ ಅಮ್ಮಿಯ ನೆನಪಾಗಿ ಅಳುತ್ತೇನೆ ಎಂದು. ನಾನೂ ಬಾಯಿಬಿಟ್ಟು ಹೇಳಿದೆ. ಈಗ ದಂಗಾಗುವ ಸರದಿ ಅವರದು. "ಅಯ್ಯೋ ಅಲ್ಲಾಹ್! ಅವನು ಬರುವ ದಿನ ಖೀಮಾ ಮಾಡದೆ ನಾನು ಒಲೆ ಆರಿಸಿದವಳಲ್ಲ" ಎಂದರು. ಇಬ್ಬರೂ ಬಹಳ ಹೊತ್ತು ಸುಮ್ಮನೆ ಕುಳಿತೆವು.

ಹುಡುಗ ಸುಳ್ಳು ಹೇಳುತ್ತಿದ್ದಾನೆ! ಎಂಟು ವರ್ಷಕ್ಕೇ ಇಷ್ಟು ಸುಳ್ಳು! ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಸಿಟ್ಟು. ರಜೆಗೆ ಬರಲಿ, ಎದುರಿಗೆ ಕೂರಿಸಿಕೊಂಡು ವಿಚಾರಿಸುತ್ತೇನೆ, ಎರಡು ಪೆಟ್ಟು ಬಿದ್ದರೂ ಪರವಾಗಿಲ್ಲ ಎಂದುಕೊಂಡೆ. ಟೀಚರ್ ಅಲ್ಲವೇ ನಾನು.

ನನ್ನನ್ನು ತಡೆದದ್ದು ಒಂದು ಸಿನಿಮಾ ಎಂದರೆ ನೀವು ನಗಬಹುದು.

ನಮ್ಮದು ಸಿನಿಮಾ ನೋಡುವ ಮನೆಯಲ್ಲ. ಅಬ್ಬಾಗೆ ಇಷ್ಟವಿರಲಿಲ್ಲ. ನಾವು ಮಕ್ಕಳಾಗಿದ್ದಾಗ ಭಾನುವಾರ ಸಂಜೆ ದೂರದರ್ಶನದ ಹಿಂದಿ ಚಿತ್ರಕ್ಕೆ ಪಕ್ಕದ ಮನೆಗೆ ಕದ್ದು ಓಡುತ್ತಿದ್ದೆವು, ಅಷ್ಟೆ. ಕಾಲೇಜಿಗೆ ಹೋಗುವ ನನ್ನ ಮಗಳು ಆ ರಜೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಒಂದು ಇರಾನಿ ಚಿತ್ರ ತಂದಿದ್ದಳು. "ಅಮ್ಮಿ, ಇದರಲ್ಲಿ ಕುಣಿತ ಇಲ್ಲ, ಹೊಡೆದಾಟ ಇಲ್ಲ, ಎಲ್ಲ ಹೆಂಗಸರ ತಲೆಯ ಮೇಲೂ ಓಢಣಿ ಇದೆ, ಒಮ್ಮೆ ನೋಡು" ಎಂದಳು. ಅಸ್ಗರ್ ಫರ್ಹಾದಿ ಎಂಬ ನಿರ್ದೇಶಕರು 2011ರಲ್ಲಿ ಮಾಡಿದ 'ಎ ಸೆಪರೇಶನ್'. ಬರ್ಲಿನ್ ಉತ್ಸವದ ದೊಡ್ಡ ಬಹುಮಾನ, ಮರುವರ್ಷ ಆಸ್ಕರ್ ಎಲ್ಲ ಪಡೆದ ಚಿತ್ರವಂತೆ. ಮಾತು ಫಾರಸಿ. ಆದರೆ ತಲಾಕ್, ಬಚ್ಚೆ ಎಂಬ ಪದಗಳು ಕಿವಿಗೆ ಬಿದ್ದಾಗ ನಮ್ಮ ಮೊಹಲ್ಲಾದ ಮಾತೇ ಕೇಳಿದ ಹಾಗಾಯಿತು.

ಟೆಹರಾನಿನ ಗಂಡ ಹೆಂಡತಿ, ನಾದಿರ್ ಮತ್ತು ಸಿಮೀನ್. ಮಗಳ ಭವಿಷ್ಯಕ್ಕಾಗಿ ದೇಶ ಬಿಟ್ಟು ಹೋಗೋಣ ಎನ್ನುತ್ತಾಳೆ ಹೆಂಡತಿ. ಮರೆವಿನ ಕಾಯಿಲೆಯಲ್ಲಿ ಮಗನ ಗುರುತೂ ಹತ್ತದ ಮುದಿ ತಂದೆಯನ್ನು ಬಿಟ್ಟು ಹೇಗೆ ಬರಲಿ ಎನ್ನುತ್ತಾನೆ ಗಂಡ. ಇಬ್ಬರ ಮಾತೂ ಸರಿ. ಇಬ್ಬರ ನಡುವೆ ತರ್ಮೆ ಎಂಬ ಹನ್ನೊಂದು ವರ್ಷದ ಮಗಳು, ಕನ್ನಡಕದ ಹುಡುಗಿ. ಆ ಪಾತ್ರ ಮಾಡಿದವಳು ನಿರ್ದೇಶಕರ ಸ್ವಂತ ಮಗಳೇ.

ತಾಯಿ ತವರಿಗೆ ಹೋಗುತ್ತಾಳೆ. ಅಜ್ಜನನ್ನು ನೋಡಿಕೊಳ್ಳಲು ಕೆಲಸಕ್ಕೆ ಬಂದ ಗರ್ಭಿಣಿಯೊಬ್ಬಳನ್ನು ತಂದೆ ಸಿಟ್ಟಿನಲ್ಲಿ ಮನೆಯಿಂದ ಹೊರಗೆ ತಳ್ಳುತ್ತಾನೆ. ಅವಳ ಗರ್ಭ ಹೋಗುತ್ತದೆ. ಕೇಸಾಗುತ್ತದೆ. ಅವಳು ಗರ್ಭಿಣಿ ಎಂದು ಅವನಿಗೆ ಮೊದಲೇ ಗೊತ್ತಿತ್ತೇ ಇಲ್ಲವೇ ಎಂಬುದರ ಮೇಲೆ ಇಡೀ ಕೇಸು ನಿಂತಿದೆ. ಗೊತ್ತಿತ್ತು. ಅದನ್ನು ಅವನು ಮಗಳ ಮುಂದೆ ಒಪ್ಪಿಕೊಂಡಿದ್ದಾನೆ. ನ್ಯಾಯಾಧೀಶರು ಮಗಳನ್ನು ಒಳಗೆ ಕರೆದು ಕೇಳುತ್ತಾರೆ. ಸತ್ಯವಂತೆ ಹುಡುಗಿ, ಓದಿನಲ್ಲಿ ಜಾಣೆ. ಅವಳು ತಂದೆಯನ್ನು ಉಳಿಸಲು ಸುಳ್ಳು ಹೇಳುತ್ತಾಳೆ. ಆಮೇಲೆ ಕಾರಿನಲ್ಲಿ ತಂದೆಯ ಜೊತೆ ಕುಳಿತು ಸದ್ದಿಲ್ಲದೆ ಅಳುತ್ತಾಳೆ.

ಆ ಕಾರಿನ ದೃಶ್ಯದಲ್ಲಿ ನಾನು ಮಗಳಿಗೆ "ನಿಲ್ಲಿಸು" ಎಂದೆ. ನನಗೆ ತರ್ಮೆ ಕಾಣಲಿಲ್ಲ. ಕಲಬುರಗಿಯ ಬಸ್ಸಿನ ಕಿಟಕಿ ಪಕ್ಕದಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕುಳಿತ ಪಾಷಾ ಕಂಡ.

ಹದಿನೈದು ದಿನದ ನಂತರ ಅವನು ಬಂದಾಗ ನಾನು ಏನೂ ಕೇಳಲಿಲ್ಲ. ನೀರು ಕೊಟ್ಟೆ, ಊಟ ಹಾಕಿದೆ. ರಾತ್ರಿ ಸೆಖೆಗೆ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಮಲಗಿದ್ದೆವು. "ಪಾಷಾ, ನಿನ್ನ ದಾದಿ ಸಿಕ್ಕಿದ್ದರು. ಖೀಮಾ ಚೆನ್ನಾಗಿ ಮಾಡುತ್ತಾರಂತಲ್ಲ" ಎಂದೆ. ಅವನು ಉಸಿರು ಬಿಗಿಹಿಡಿದದ್ದು ಕತ್ತಲಲ್ಲೂ ತಿಳಿಯಿತು. "ಬೈಯುವುದಿಲ್ಲ. ಸುಮ್ಮನೆ ಹೇಳಿದೆ" ಎಂದೆ. ಎಷ್ಟೋ ಹೊತ್ತಿನ ಮೇಲೆ ಅವನೇ ಮಾತಾಡಿದ.

"ಅಲ್ಲಿ ಚೆನ್ನಾಗಿ ಊಟ ಮಾಡಿದೆ ಅಂದರೆ ಅಮ್ಮಿಯ ಮುಖ ಸಣ್ಣದಾಗುತ್ತೆ ಖಾಲಾ. ಇಲ್ಲಿ ಚೆನ್ನಾಗಿದ್ದೀನಿ ಅಂದರೆ ದಾದಿ ಅಳ್ತಾರೆ. ಅದಕ್ಕೆ..."

ಅವನು ಮುಗಿಸಲಿಲ್ಲ, ನನಗೆ ಪೂರ್ತಿ ಕೇಳಿಸಿತು. ನಮ್ಮೆಲ್ಲರ ಮುಖ ನೋಡಿಕೊಂಡು, ಯಾರಿಗೆ ಯಾವ ಉತ್ತರ ಬೇಕು ಎಂದು ತಿಳಿದುಕೊಂಡು, ಅದನ್ನೇ ಕೊಡುತ್ತಾ ಬಂದಿದ್ದ. ನಾವು ದೊಡ್ಡವರು ಸಂತೋಷವಾಗಿರಲು ಅವನು ಎರಡೂ ಮನೆಯಲ್ಲಿ ಹಸಿದವನಂತೆ ನಟಿಸುತ್ತಿದ್ದ. ಸುಳ್ಳು ಅವನ ನಾಲಿಗೆಯಿಂದ ಬಂದಿರಬಹುದು, ಅಲ್ಲಿಗೆ ಅದನ್ನು ತಂದಿಟ್ಟದ್ದು ನನ್ನ ಪ್ರಶ್ನೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಚಿಕ್ಕಂದಿನಿಂದ ನೋಡಿದ ಚಿತ್ರಗಳು ಒಂದೊಂದಾಗಿ ನೆನಪಾದವು. ತಲಾಕ್ ಎಂದರೆ ನಮ್ಮ ಕಡೆ ಎಲ್ಲರಿಗೂ ನೆನಪಾಗುವುದು ಬಿ. ಆರ್. ಚೋಪ್ರಾ ಅವರ 'ನಿಕಾಹ್', 1982ರದು. ಸಲ್ಮಾ ಆಗಾ ಅಳುವುದನ್ನು ನೋಡಿ ಅಳದ ಹೆಂಗಸಿಲ್ಲ. ಆದರೆ ಆ ಕಥೆಯ ತಲಾಕಿನಲ್ಲಿ ಮಗುವೇ ಇಲ್ಲ! ನಮ್ಮ ಜಮಾಅತಿನ ಮಾತುಕತೆಗಳೂ ಎಷ್ಟೋ ಸಲ ಹಾಗೆಯೇ. ಮಹ್ರ್ ಎಷ್ಟು, ಜಹೇಜಿನ ಸಾಮಾನು ಯಾರಿಗೆ, ತಪ್ಪು ಯಾರದು ಎಂದು ಮಧ್ಯರಾತ್ರಿಯವರೆಗೆ ಚರ್ಚೆ ನಡೆಯುತ್ತದೆ. ಒಳಕೋಣೆಯ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುವ ಮಗುವಿನ ಮಾತು ಕೊನೆಗೆ ಬಂದರೆ ಬಂತು.

ಮಗು ಇರುವ ಚಿತ್ರಗಳೂ ಇವೆ. 1968ರ 'ದೋ ಕಲಿಯಾಂ'. ಬೇರೆಯಾದ ತಂದೆ ತಾಯಿಯನ್ನು ಅವಳಿ ಹೆಣ್ಣುಮಕ್ಕಳು ಉಪಾಯ ಮಾಡಿ ಒಂದುಗೂಡಿಸುತ್ತಾರೆ. ಆಗ ಬೇಬಿ ಸೋನಿಯಾ ಎಂಬ ಹೆಸರಿನಲ್ಲಿ ನಟಿಸುತ್ತಿದ್ದ ನೀತೂ ಸಿಂಗ್ ಎರಡೂ ಪಾತ್ರ ಮಾಡಿದ್ದಳು. ನನ್ನ ಅಮ್ಮಿಗೆ ಬಹಳ ಇಷ್ಟದ ಚಿತ್ರ. ಒಂದು ಮಧ್ಯಾಹ್ನ ಟಿವಿಯಲ್ಲಿ ಬಂದಾಗ ಪಾಷಾನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ್ದರು. ಅದಾಗಿ ಒಂದು ವಾರಕ್ಕೆ ಅವನಿಗೆ ಹೊಟ್ಟೆನೋವು. ಹೊರಳಾಡಿ ಅತ್ತ. ಆಳಂದದ ಡಾಕ್ಟರು ಎಷ್ಟು ಒತ್ತಿ ನೋಡಿದರೂ ಏನೂ ಸಿಗಲಿಲ್ಲ. "ಅಬ್ಬಾ ಬರಲಿ" ಎಂದು ಹಟ. ರಾತ್ರಿ ಹತ್ತಕ್ಕೆ ಅಫಜಲಪುರದಿಂದ ಅವರು ಬೈಕಿನಲ್ಲಿ ಬಂದರು. ಮಂಚದ ಆ ಕಡೆ ಅಬ್ಬಾ, ಈ ಕಡೆ ಅಮ್ಮಿ. ಹೊಟ್ಟೆನೋವು ನಿಂತಿತು, ಇಬ್ಬರ ಬೆರಳು ಹಿಡಿದು ಮಲಗಿದ. ಬೆಳಗ್ಗೆ ಎದ್ದಾಗ ಅಬ್ಬಾ ಹೊರಟುಹೋಗಿದ್ದರು. ಸಿನಿಮಾದಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ ಎಂದು ಅವನು ಯಾರನ್ನೂ ಕೇಳಲಿಲ್ಲ. ತನ್ನ ಉಪಾಯವೇ ಸರಿ ಇರಲಿಲ್ಲ ಎಂದುಕೊಂಡನೋ ಏನೋ. ಆ ದಿನ ನಾವೆಲ್ಲ ನಕ್ಕಿದ್ದೆವು, "ಏನು ನಾಟಕ ನೋಡು" ಎಂದು.

ನಮ್ಮ ಚಿತ್ರಗಳು ಮಗುವಿನ ತಲೆಯ ಮೇಲೆ ಈ ಕೆಲಸ ಹೊರಿಸುತ್ತವೆ ಎಂದು ಆಗ ಹೊಳೆಯಿತು. ಅಮೆರಿಕದಲ್ಲಿ 1979ರಲ್ಲಿ 'ಕ್ರೇಮರ್ ವರ್ಸಸ್ ಕ್ರೇಮರ್' ಎಂಬ ಚಿತ್ರ ಬಂತು. ಹೆಂಡತಿ ಬಿಟ್ಟು ಹೋದ ಮೇಲೆ ಪುಟ್ಟ ಮಗನಿಗೆ ತಿಂಡಿ ಮಾಡಲೂ ಬಾರದ ತಂದೆ ಮೆಲ್ಲಮೆಲ್ಲನೆ ತಾಯಿಯ ಕೆಲಸವನ್ನೆಲ್ಲ ಕಲಿಯುತ್ತಾನೆ. ನ್ಯಾಯಾಲಯ ಮಗುವನ್ನು ತಾಯಿಗೆ ಕೊಡುತ್ತದೆ. ಕರೆದೊಯ್ಯಲು ಬಂದ ತಾಯಿ, ಮಗನ ಮನೆ ಇದೇ, ಇಲ್ಲಿಂದ ಕೀಳುವುದಿಲ್ಲ ಎಂದು ನಿರ್ಧರಿಸುತ್ತಾಳೆ. ಗಂಡ ಹೆಂಡತಿ ಮತ್ತೆ ಒಂದಾಗುವುದಿಲ್ಲ. ಇದೇ ಕಥೆಯ ನೆರಳಿನಲ್ಲಿ 1995ರಲ್ಲಿ ಹಿಂದಿಯಲ್ಲಿ ಬಂದದ್ದು ಆಮಿರ್ ಖಾನ್, ಮನೀಷಾ ಕೊಯಿರಾಲಾರ 'ಅಕೇಲೆ ಹಮ್ ಅಕೇಲೆ ತುಮ್'. ಅದರಲ್ಲಿ ಕೊನೆಗೆ ಇಬ್ಬರೂ ಒಂದಾಗುತ್ತಾರೆ. 1993ರ 'ಮಿಸೆಸ್ ಡೌಟ್‌ಫೈರ್' ಚಿತ್ರದಲ್ಲಿ ಮಕ್ಕಳ ಹತ್ತಿರ ಇರಲು ತಂದೆ ಮುದುಕಿಯ ವೇಷ ಹಾಕುತ್ತಾನೆ. ಕೊನೆಯಲ್ಲಿ ಅವನಿಗೆ ಮಕ್ಕಳನ್ನು ಕಾಣುವ ಅವಕಾಶ ಸಿಗುತ್ತದೆ, ಹೆಂಡತಿ ಸಿಗುವುದಿಲ್ಲ. 1997ರಲ್ಲಿ ಕಮಲ ಹಾಸನ್ ಅದೇ ವೇಷವನ್ನು 'ಚಾಚಿ 420'ರಲ್ಲಿ ಹಾಕಿದಾಗ ಹೆಂಡತಿಯೂ ಮರಳಿ ಬಂದಳು.

ಒಡೆದ ಮನೆ ಮತ್ತೆ ಕೂಡಿದರೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಜಗಳ ಬಂದಾಗ ಎರಡೂ ಮನೆತನದಿಂದ ಒಬ್ಬೊಬ್ಬ ಹಿರಿಯರನ್ನು ನಡುವೆ ಕೂರಿಸಿ ಎಂದು ಕುರ್‌ಆನ್ ಹೇಳುವುದು ಆ ಆಸೆಯಿಂದಲೇ. ಆದರೆ ನೋಡಿ, ಕೂರಬೇಕಾದವರು ಹಿರಿಯರು. ಆರು ವರ್ಷದ ಮಗುವಿಗೆ ಆ ಕೆಲಸ ಹೇಳಿಲ್ಲ. ಹಿರಿಯರಿಂದ ಆಗದೆ ಹೋದ ಮೇಲೆ, ಮಗು ಮನಸ್ಸು ಮಾಡಿದರೆ ಆಗುತ್ತದೆ ಎಂದು ತೋರಿಸುವ ಕಥೆ ಪಾಷಾನಂಥ ಮಕ್ಕಳಿಗೆ ಎಷ್ಟು ಭಾರ! ಆಗದೆ ಹೋದಾಗ ತಪ್ಪು ತನ್ನದೇ ಎಂದು ಅವು ನಂಬುತ್ತವೆ.

ನಮ್ಮ ಕನ್ನಡದಲ್ಲಿ ಮಗುವಿನ ಹೊಟ್ಟೆಯ ಮಾತನ್ನು ನೇರವಾಗಿ ಆಡಿದ ಚಿತ್ರ ಗಿರೀಶ್ ಕಾಸರವಳ್ಳಿಯವರ 'ಹಸೀನಾ', 2004ರದು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ ಮಾಡಿದ್ದು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದು ಕನ್ನಡಕ್ಕೆ ಹೆಸರು ತಂದ ಹಾಸನದ ಅದೇ ಬಾನು ಮುಷ್ತಾಕ್. ಹಸೀನಾ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆಟೋ ಓಡಿಸುವ ಗಂಡ, ಹೆಣ್ಣುಮಕ್ಕಳೇ ಹುಟ್ಟಿದವೆಂದು ಬಿಟ್ಟುಹೋಗುತ್ತಾನೆ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ಕುಳಿತು ನ್ಯಾಯ ಕೇಳುತ್ತಾಳೆ. ಆ ಚಿತ್ರದ ಬಗ್ಗೆ ಆಗ ಮನೆಗಳಲ್ಲಿ ನಾನಾ ಮಾತು ಬಂದವು. ನಮ್ಮವರನ್ನೇ ಯಾಕೆ ಹೀಗೆ ತೋರಿಸುತ್ತಾರೆ ಎಂದವರೂ ಇದ್ದರು. ನನಗೆ ಉಳಿದದ್ದು ಒಂದೇ ಪ್ರಶ್ನೆ. ಅವಳು ಕೇಳಿದ್ದರಲ್ಲಿ ದೀನ್ ಕೊಡದ್ದು ಯಾವುದಿತ್ತು?

ಏನೂ ಇರಲಿಲ್ಲ. ಮಕ್ಕಳ ನಫಖಾ, ಅಂದರೆ ಅನ್ನ, ಬಟ್ಟೆ, ವಸತಿಯ ಹೊಣೆ ತಂದೆಯದು. ಹೆಂಡತಿಯ ಜೊತೆ ಸಂಬಂಧ ಮುಗಿದರೂ ಆ ಹೊಣೆ ಮುಗಿಯುವುದಿಲ್ಲ. ಮಗುವನ್ನು ನೆಪ ಮಾಡಿ ತಾಯಿಯನ್ನೂ ಪೀಡಿಸಬಾರದು, ತಂದೆಯನ್ನೂ ಪೀಡಿಸಬಾರದು ಎಂಬುದು ಸೂರಃ ಅಲ್ ಬಕರಾದ ಉಪದೇಶದ ಸಾರ. ಹಣ ಕಳಿಸದ ತಂದೆಗೆ ಅದು ಎಚ್ಚರಿಕೆ. ಮಗುವಿನ ಬಾಯಲ್ಲಿ ಹಣ ಕೇಳಿಸಿದ ನನ್ನಂಥವಳಿಗೂ ಎಚ್ಚರಿಕೆಯೇ. ಕಾನೂನೂ ಇದನ್ನೇ ಹೇಳುತ್ತದೆ. ಮುಸ್ಲಿಂ ತಂದೆಯ ಚಿಕ್ಕ ಮಕ್ಕಳಿಗೆ ಜೀವನಾಂಶ ಪಡೆಯುವ ಸ್ವಂತ ಹಕ್ಕಿದೆ, ತಾಯಿಗೆ ಸಿಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಸುಪ್ರೀಂ ಕೋರ್ಟು ನೂರ್ ಸಬಾ ಖಾತೂನ್ ಅವರ ಪ್ರಕರಣದಲ್ಲಿ 1997ರಲ್ಲೇ ತೀರ್ಪು ಕೊಟ್ಟಿದೆ. ಮೊದಲು ಅದಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಇತ್ತು. 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು. ತಿಳಿದಿರಲಿ, ಯಾರಿಗಾದರೂ ಬೇಕಾಗಬಹುದು.

ಮಗು ಯಾರ ಹತ್ತಿರ ಇರಬೇಕು? ಹನಫಿ ಪದ್ಧತಿಯಲ್ಲಿ ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಹಿಜಾನತ್‌ನಲ್ಲಿ ಇರುತ್ತದೆ. ದೇಶದ ನ್ಯಾಯಾಲಯಗಳು 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯಂತೆ ಮಗುವಿನ ಹಿತವನ್ನು ನೋಡುತ್ತವೆ. ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಷ್ಟವನ್ನೂ ಕೇಳಬಹುದು. ಪ್ರವಾದಿ(ಸ)ರವರ ಮುಂದೆಯೂ ಇಂಥ ಒಂದು ವಿವಾದ ಬಂದಿತ್ತೆಂದು ಹದೀಸಿನಲ್ಲಿದೆ. ಹುಡುಗನಿಗೆ, ಇವರು ನಿನ್ನ ತಂದೆ, ಇವರು ನಿನ್ನ ತಾಯಿ, ನಿನಗೆ ಬೇಕಾದವರ ಕೈ ಹಿಡಿ ಎಂದು ಹೇಳಲಾಯಿತು. ಅವನು ತಾಯಿಯ ಕೈ ಹಿಡಿದು ಹೊರಟ. ಮಾತು ಅಲ್ಲಿಗೆ ಮುಗಿಯಿತು.

ಆ ಹುಡುಗನನ್ನು ಕೇಳಿದ್ದು ಒಂದೇ ಸಲ. ಕೇಳಿದವರು ಯಾರ ಪಕ್ಷವೂ ಅಲ್ಲದವರು. ಉತ್ತರ ಬಂದ ಮೇಲೆ ಯಾಕೆ ಹಾಗೆ ಹೇಳಿದೆ ಎಂದು ಯಾರೂ ಅವನನ್ನು ಹಿಡಿದು ನಿಲ್ಲಿಸಲಿಲ್ಲ. ನಾವೋ? ತಿಂಗಳಿಗೆ ಎರಡು ಶನಿವಾರ, ಚಪ್ಪಲಿ ಬಿಡುವ ಮೊದಲೇ, ಮೂರು ಊರಿನಲ್ಲಿ ಮೂರು ಕಟಕಟೆ ಕಟ್ಟಿ ಪಾಷಾನನ್ನು ಹತ್ತಿಸುತ್ತಿದ್ದೆವು. ನಮ್ಮ ಪ್ರಶ್ನೆ ಊಟದ್ದಾಗಿತ್ತು. ಅವನಿಗೆ ಕೇಳಿಸುತ್ತಿದ್ದದ್ದು "ನೀನು ಯಾರ ಕಡೆ?" ಎಂದು.

'ಎ ಸೆಪರೇಶನ್' ಚಿತ್ರದ ಉಳಿದ ಭಾಗವನ್ನು ಮರುದಿನ ನೋಡಿದೆ. ಕೊನೆಯಲ್ಲಿ ನ್ಯಾಯಾಧೀಶರು ತರ್ಮೆಯನ್ನು ಕೇಳುತ್ತಾರೆ, ಯಾರ ಜೊತೆ ಇರುತ್ತೀ ಎಂದು. ನಿರ್ಧಾರ ಮಾಡಿದ್ದೇನೆ ಎನ್ನುತ್ತಾಳೆ, ಆದರೆ ಅವರ ಮುಂದೆ ಹೇಳಲು ಬಾಯಿ ಬರುವುದಿಲ್ಲ. ತಂದೆ ತಾಯಿಯನ್ನು ಹೊರಗೆ ಕಳಿಸುತ್ತಾರೆ. ಅವರಿಬ್ಬರೂ ಕಾರಿಡಾರಿನಲ್ಲಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ, ಕಾಯುತ್ತಾರೆ. ಚಿತ್ರ ಮುಗಿಯುತ್ತದೆ. ಅವಳು ಏನು ಹೇಳಿದಳೆಂದು ನಮಗೆ ಗೊತ್ತಾಗುವುದಿಲ್ಲ. "ಇದೇನು, ಅರ್ಧಕ್ಕೇ ನಿಂತಿತಲ್ಲ!" ಎಂದು ನನ್ನ ಮಗಳನ್ನು ಕೇಳಿದೆ. "ಅದು ನಮಗ್ಯಾಕೆ ಅಮ್ಮಿ?" ಎಂದಳು. ಆ ಮಾತು ನನಗೆ ಚುಚ್ಚಿತು. ಹೌದು, ಅದು ನಮಗ್ಯಾಕೆ?

ಆ ವಾರವೇ ಆಳಂದಕ್ಕೆ ಹೋಗಿ ತಂಗಿಯ ಜೊತೆ ಕುಳಿತೆ. ದಾದಿಯ ಮನೆಯ ಖೀಮಾದ ವಿಷಯ, ಮಾಳಿಗೆಯ ಮೇಲಿನ ಮಾತು, ಎಲ್ಲ ಹೇಳಿದೆ. ಅವಳು ಮಿಷನ್ ನಿಲ್ಲಿಸಿ ಬಹಳ ಹೊತ್ತು ಬಟ್ಟೆಯ ಅಂಚು ಮಡಿಚುತ್ತಾ ಕುಳಿತಳು. "ಅವನು ಅಲ್ಲಿ ಹಸಿದಿರುತ್ತಾನೆ ಅಂತ ಕೇಳಿದಾಗ ನನಗೆ ಒಳಗೊಳಗೇ ಸಮಾಧಾನ ಆಗುತ್ತಿತ್ತು ಆಪಾ. ನಾನು ಎಂಥ ತಾಯಿ?" ಎಂದಳು. ನನಗೂ ಹಾಗೇ ಆಗುತ್ತಿತ್ತು ಎಂದೆ. ಅಕ್ಕತಂಗಿ ಇಬ್ಬರೂ ಅತ್ತೆವು. ಅತ್ತು ಮುಗಿದ ಮೇಲೆ ನಾನೇ ಅಫಜಲಪುರಕ್ಕೆ ಫೋನ್ ಮಾಡಿದೆ. ಮೂರು ವರ್ಷದಲ್ಲಿ ಅದೇ ಮೊದಲು.

ದೊಡ್ಡ ಒಪ್ಪಂದವೇನೂ ಆಗಲಿಲ್ಲ. ನಾಲ್ಕು ಮಾತು ಗೊತ್ತುಮಾಡಿಕೊಂಡೆವು. ಹಣದ ವಿಷಯ, ರಜೆಯ ವಿಷಯ ಏನಿದ್ದರೂ ದೊಡ್ಡವರು ದೊಡ್ಡವರಿಗೇ ಫೋನ್ ಮಾಡುವುದು, ಹುಡುಗನ ಬಾಯಲ್ಲಿ ಹೇಳಿ ಕಳಿಸುವುದಿಲ್ಲ. ಬಂದವನನ್ನು ಆ ಮನೆಯ ಸುದ್ದಿ ಕೇಳುವುದಿಲ್ಲ, ಅವನಾಗಿ ಹೇಳಿದರೆ ಮುಖ ಸಣ್ಣ ಮಾಡದೆ ಕೇಳಿಸಿಕೊಳ್ಳುವುದು. ಒಬ್ಬರ ಬಗ್ಗೆ ಇನ್ನೊಬ್ಬರು ಅವನ ಮುಂದೆ ಕೆಟ್ಟ ಮಾತು ಆಡುವುದಿಲ್ಲ. ಅವನಿಗೆ ಜ್ವರ ಬಂದರೆ, ಶಾಲೆಯಲ್ಲಿ ಕಾರ್ಯಕ್ರಮವಿದ್ದರೆ ತಂದೆ ಆಳಂದದ ಮನೆಗೇ ಬಂದು ಪಡಸಾಲೆಯಲ್ಲಿ ಕುಳಿತು ಹೋಗಬಹುದು. ನನ್ನ ಅಣ್ಣ ಜೊತೆಗಿರುತ್ತಾರೆ. ಅಬ್ಬಾ ಬರಲೆಂದು ಇನ್ನು ಹೊಟ್ಟೆನೋವು ಬರಬೇಕಾಗಿಲ್ಲ.

ಬರೆಯುವುದು ಸುಲಭ. ನಡೆಸುವುದು ಸುಲಭವಿರಲಿಲ್ಲ. ಅವರ ಎರಡನೆಯ ಹೆಂಡತಿಯ ಹೆಸರು ಪಾಷಾನ ಬಾಯಲ್ಲಿ ಮೊದಲ ಸಲ ಬಂದಾಗ ತಂಗಿ ಎದ್ದು ಅಡುಗೆಮನೆಗೆ ಹೋದಳು. ನಾನು ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡಿದ್ದೇನೆ. ನಮ್ಮ ಓಣಿಯವರೂ ಬಿಡುವುದಿಲ್ಲ. "ಏನಪಾ, ನಿಮ್ಮಪ್ಪ ಅಲ್ಲಿ ಚಂದ ನೋಡ್ಕೋತಾನೇನು? ಮಲತಾಯಿ ಹೊಡೀತಾಳೇನು?" ಎಂದು ಹುಡುಗನನ್ನೇ ನಿಲ್ಲಿಸಿ ಕೇಳುತ್ತಾರೆ. ಕನಿಕರದಿಂದಲೇ ಕೇಳುತ್ತಾರೆ. ಮೊದಲು ನಾನೂ ಹಾಗೆಯೇ ಕೇಳುತ್ತಿದ್ದೆನಲ್ಲ. ಶಾಲೆಯಲ್ಲಿ ಈಗ ನನ್ನ ತರಗತಿಯ ಮಕ್ಕಳಲ್ಲಿ ತಂದೆ ತಾಯಿ ಬೇರೆಯಾದವರಿದ್ದರೆ ಮನೆಯ ವಿಷಯ ನಾನಾಗಿ ಎತ್ತುವುದಿಲ್ಲ. ಅವು ಬಂದು ಮೇಜಿನ ಪಕ್ಕ ನಿಂತರೆ ನಿಲ್ಲಲು ಬಿಡುತ್ತೇನೆ. ಹೇಳಬೇಕೆನಿಸಿದಾಗ ಹೇಳುತ್ತವೆ.

ಪಾಷಾಗೆ ಈಗ ಹನ್ನೊಂದು ತುಂಬಿದೆ, ತರ್ಮೆಯ ವಯಸ್ಸು. ಬೂಟು ಹರಿದರೆ ಹರಿದಿದೆ ಎನ್ನುತ್ತಾನೆ. ಒಮ್ಮೊಮ್ಮೆ ಹಟವನ್ನೂ ಮಾಡುತ್ತಾನೆ, ಅಲ್‌ಹಮ್ದುಲಿಲ್ಲಾಹ್.

ಕಳೆದ ರಜೆಯಲ್ಲಿ ತಂಗಿ, ನಾನು ಇಬ್ಬರೂ ಕಲಬುರಗಿಯಲ್ಲಿದ್ದೆವು. ಅಫಜಲಪುರದ ಬಸ್ಸಿನಿಂದ ಇಳಿದವನು ತಂದೆಗೆ ಕೈಬೀಸಿ, ಓಡಿ ಬಂದು ಬ್ಯಾಗನ್ನು ತಾಯಿಯ ಕೈಗೆ ಕೊಟ್ಟ. ನಾವು ಏನೂ ಕೇಳಲಿಲ್ಲ. ಅವನೇ ಶುರುಮಾಡಿದ.

"ಅಮ್ಮಿ, ಛೋಟಿ ಅಮ್ಮಿ ಬದನೆಕಾಯಿ ಸಾಲನ್ ಮಾಡಿದ್ದರು. ನಿನ್ನದಕ್ಕಿಂತ ಚೆನ್ನಾಗಿತ್ತು."

ನಾನು ತಂಗಿಯ ಮುಖ ನೋಡಿದೆ. ಒಂದು ಗಳಿಗೆ ಏನೋ ಬಂದು ಹೋಯಿತು. ಆಮೇಲೆ ನಕ್ಕಳು. "ಹೌದಾ? ಹಾಗಾದರೆ ಮುಂದಿನ ಸಲ ಹೋದಾಗ ಹೇಗೆ ಮಾಡುವುದು ಅಂತ ಕೇಳಿಕೊಂಡು ಬಾ."

ಪಾಷಾ ಆಳಂದದ ಬಸ್ಸಿನ ಕಡೆ ಆಗಲೇ ನಡೆಯುತ್ತಿದ್ದ. ತಿರುಗಿಯೂ ನೋಡದೆ ಹೇಳಿದ:

"ನೀನೇ ಫೋನ್ ಮಾಡಿ ಕೇಳು ಅಮ್ಮಿ."